ಷರಾ: ಪಲ್ಯ

ನೆರಳುಗಳು ಸಾಯುವುದು ಸುವರ್ಣಾ ಬೆಟಗೇರಿಗೆ ಹೊಸದಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ತಂಪು ಕೋಣೆಯಲ್ಲಿ, ದಿನಕ್ಕೆ ಹತ್ತಿಪ್ಪತ್ತು ನೆರಳುಗಳಾದರೂ ಅವಳ ಕಣ್ಣೆದುರು ಸಾಯುತ್ತಿದ್ದವು. ಎಷ್ಟು ಸತ್ತವು ಎಂದು ಬರೆದಿಟ್ಟು, ಡಬ್ಬಿಯಲ್ಲಿ ತಂದ ರೊಟ್ಟಿ ತಿಂದು, ಐದೂವರೆಗೆ ಬಸ್ಸು ಹಿಡಿಯುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆದಿತ್ತು. ಈ ಬೇಸಿಗೆಯಲ್ಲಿ ಮಾತ್ರ ಅವಳಿಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಹಾಗೆ ಆಗಿತ್ತು.

ನೆರಳು ಎಂದರೆ ಯಂತ್ರದೊಳಗೆ ಕಟ್ಟಿದ ದೇಹ. ರೋಗಿಯ ರಕ್ತ, ಹೃದಯದ ಚಿತ್ರ, ಮೂತ್ರಪಿಂಡದ ಶಕ್ತಿ, ಮನೆತನದ ಕಾಯಿಲೆಗಳು ಎಲ್ಲವನ್ನೂ ತುಂಬಿದರೆ, ಆ ರೋಗಿಯ ಹಾಗೆಯೇ ಹಸಿಯುವ, ದಣಿಯುವ, ಜ್ವರ ಬರಿಸಿಕೊಳ್ಳುವ ಅಂಕಿಗಳ ದೇಹವೊಂದು ತಯಾರಾಗುತ್ತಿತ್ತು. ಔಷಧವನ್ನು ಮೊದಲು ಅದಕ್ಕೆ ಕೊಡುವುದು. ಹತ್ತು ವರ್ಷದ ಆಯುಷ್ಯವನ್ನು ಅದು ಒಂದು ಮಧ್ಯಾಹ್ನದೊಳಗೆ ಬದುಕಿ ತೋರಿಸುತ್ತಿತ್ತು. ಒಂದೇ ಸಲ ನೋಡಿ ನಂಬುವಂತಿಲ್ಲವಾದ್ದರಿಂದ ನೂರು ಸಲ ಓಡಿಸುತ್ತಿದ್ದರು. ನೂರರಲ್ಲಿ ಎಷ್ಟು ಸಲ ಸತ್ತಿತು, ಎಷ್ಟು ಸಲ ಪಾರ್ಶ್ವವಾಯು ಹೊಡೆಯಿತು ಎಂಬುದೇ ಫಲಿತಾಂಶ. ಇದರಿಂದ ಎಷ್ಟೋ ಜೀವ ಉಳಿದಿದ್ದವು, ಅದರಲ್ಲಿ ಎರಡು ಮಾತಿಲ್ಲ.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸುವವರಿಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಬಯಸುವವರಿಗೆ ಆ ಊರಿನಲ್ಲಿ ಹಾರ್ಮೋನು ಸಿಗುವುದು ಕಷ್ಟವಿರಲಿಲ್ಲ. ಆದರೆ ಮೊದಲೇ ದೊಡ್ಡ ಕಾಯಿಲೆ ಇದ್ದವರ ಮಾತು ಬೇರೆ. ಹೃದಯ ಕೆಟ್ಟವರು, ಒಂದೇ ಮೂತ್ರಪಿಂಡದವರು, ರಕ್ತ ಹೆಪ್ಪುಗಟ್ಟುವ ದೋಷದವರು, ಇವರಿಗೆ ಕೊಡಬೇಕೋ ಬೇಡವೋ ಎಂದು ಡಾಕ್ಟರುಗಳು ಇಪ್ಪತ್ತು ವರ್ಷ ಜಗಳವಾಡಿ, ಕೊನೆಗೆ ಜಗಳವನ್ನು ಯಂತ್ರದ ಮೇಲೆ ಹಾಕಿದ್ದರು. ಔಷಧ ತೆಗೆದುಕೊಂಡ ನೆರಳಿಗೂ ತೆಗೆದುಕೊಳ್ಳದ ನೆರಳಿಗೂ ಅಪಾಯದ ಅಂತರ ನೂರಕ್ಕೆ ಐದು ಮೀರಿದರೆ ಮಂಡಳಿ ಇಲ್ಲ ಎನ್ನುತ್ತಿತ್ತು. ಎರಡು ಸಲ ಇಲ್ಲ ಎಂದರೆ ಮುಗಿಯಿತು, ಮತ್ತೆ ಕೇಳುವಂತಿಲ್ಲ.

ಕಸ್ತೂರಿ ಹೂಗಾರಳಿಗೆ ಒಂದು ಸಲ ಇಲ್ಲ ಎಂದಾಗಿತ್ತು. ಎರಡನೆಯ ವಿಚಾರಣೆ ಬರುವ ಮಂಗಳವಾರವಿತ್ತು.

ಕಸ್ತೂರಿಗೆ ಇಪ್ಪತ್ತನಾಲ್ಕು ವರ್ಷ. ಹಳೇ ಹುಬ್ಬಳ್ಳಿಯಲ್ಲಿ ಆಟೋಗಳ ಬ್ಯಾಟರಿ ಬದಲಿಸುವ ಅಂಗಡಿಯಲ್ಲಿ ಕೆಲಸ. ಚಿಕ್ಕಂದಿನಲ್ಲಿ ಗಂಟಲು ನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟು, ಹದಿನೈದಕ್ಕೆ ಲೋಹದ ಕವಾಟ ಹಾಕಿಸಿಕೊಂಡವಳು. ಆಗ ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಹುಡುಗನೆಂದೇ ಕರೆಯುತ್ತಿದ್ದರು. ಲೋಹದ ಕವಾಟ ಇದ್ದವರು ಬದುಕಿರುವವರೆಗೂ ರಕ್ತ ತೆಳುವಾಗಿಡುವ ಗುಳಿಗೆ ನುಂಗಬೇಕು. ಹೆಣ್ಣಿನ ಹಾರ್ಮೋನು ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ಎಳೆಯುತ್ತದೆ. ಅವಳ ನೆರಳು ಔಷಧವಿಲ್ಲದೆ ನೂರಕ್ಕೆ ನಾಲ್ಕು ಸಲ ಬಿದ್ದಿತ್ತು, ಔಷಧ ಕೊಟ್ಟಾಗ ಹನ್ನೊಂದು ಸಲ. ಅಂತರ ಏಳು. ಮಂಡಳಿಗೆ ಇಷ್ಟು ಸಾಕಾಗಿತ್ತು.

ಮೇಲ್ಮನವಿ ಇದ್ದುದರಿಂದ ಕಸ್ತೂರಿ ವಾರಕ್ಕೊಮ್ಮೆ ಮನೆಯಲ್ಲೇ ಬೆರಳು ಚುಚ್ಚಿಕೊಂಡು ರಕ್ತದ ಫಲಿತಾಂಶ ಕಳಿಸುತ್ತಿದ್ದಳು. ಆ ಫಲಿತಾಂಶಕ್ಕೂ ನೆರಳಿಗೂ ತಾಳೆಯಾಗದಿದ್ದರೆ ಸುವರ್ಣಾ ನೆರಳನ್ನು ಎಳೆದು ಸಾಲಿಗೆ ತರಬೇಕು, ಯಾಕೆ ತಾಳೆಯಾಗಲಿಲ್ಲ ಎಂದು ಷರಾ ಬರೆಯಬೇಕು. ರಕ್ತ ತೆಳುವಾಗಿಡುವ ಗುಳಿಗೆಗೆ ದೊಡ್ಡ ವೈರಿ ಹಸಿರು ಸೊಪ್ಪು, ತಿಂದರೆ ರಕ್ತ ಮತ್ತೆ ಗಟ್ಟಿಯಾಗುತ್ತದೆ. ಮೆಂತೆ, ರಾಜಗಿರಿ, ಪುಂಡಿ, ಹಕ್ಕರಕಿ ಯಾವುದೂ ಇಲ್ಲದೆ ರೊಟ್ಟಿ ಗಂಟಲಲ್ಲಿಳಿಯದ ಸೀಮೆ ಅದು. ಹಾಗಾಗಿ ಷರಾ ಯಾವಾಗಲೂ ಒಂದೇ, ಸೊಪ್ಪಿಗೆ ಅಲ್ಲಿಯವರು ಕರೆಯುವ ಹೆಸರು: ಪಲ್ಯ. ಎಷ್ಟು ಸಲ ಬರೆಯುವುದು ಎಂದು ಬೇಸತ್ತು ಸುವರ್ಣಾಳೇ ಅದಕ್ಕೊಂದು ಗುಂಡಿ ಮಾಡಿಸಿದ್ದಳು. ಒಂದು ಸಲ ಒತ್ತಿದರೆ ನೆರಳು ಸಾಲಿಗೆ ಬರುತ್ತಿತ್ತು, ಷರಾ ತಾನೇ ಬೀಳುತ್ತಿತ್ತು. ಹೊಸದಾಗಿ ಬಂದವರಿಗೂ ಅದನ್ನೇ ಕಲಿಸಿದ್ದಳು, ಹೆಮ್ಮೆಯಿಂದ.

ಶನಿವಾರ ಸಂಜೆ ಗಂಡ ಗುರುನಾಥ ಸಂತೆಯಿಂದ ಬರಿಗೈಲಿ ಬಂದ.

"ಪಲ್ಯಾ ತರ್ರಿ ಅಂದಿದ್ದೆ," ಎಂದಳು ಸುವರ್ಣಾ.

"ಎಲ್ಲೈತಿ? ಈ ಬಿಸಲಾಗ ಮೆಂತೆ ಅಂತ ಕೇಳಿದ್ರ ಪಲ್ಲೇದಾಕಿ ನನ್ನ ಮುಖಾ ನೋಡಿ ನಕ್ಕಳು. ತಿಂಗಳಾತಂತ, ಸಂತ್ಯಾಗ ತಪ್ಪಲು ಪಲ್ಯ ಕಣ್ಣಿಗೆ ಬಿದ್ದಿಲ್ಲ. ಮನ್ಯಾಗ ಬದನಿಕಾಯಿ ಐತಿ, ಎಣಗಾಯಿ ಮಾಡ್ಲಿ?"

ಕಸ್ತೂರಿಯ ಕಡತದಲ್ಲಿ ಸುವರ್ಣಾ ಐದು ವಾರದಿಂದ ಬಿಡದೆ ಪಲ್ಯ ಒತ್ತಿದ್ದಳು. ಊರಿನಲ್ಲೇ ಇಲ್ಲದ ಪಲ್ಯವನ್ನು ಆ ಹುಡುಗಿ ಎಲ್ಲಿಂದ ತಿಂದಳು? ಎಣಗಾಯಿ ಬಲು ರುಚಿಯಾಗಿತ್ತು ಎಂದು ಗುರುನಾಥ ಹೇಳಿದ ಮೇಲೆಯೇ ತಾನು ಉಂಡದ್ದು ಅವಳಿಗೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಅವಳು ಕಸ್ತೂರಿಯ ಮನೆ ಹುಡುಕಿಕೊಂಡು ಹೋದಳು. ತಂತ್ರಜ್ಞರು ರೋಗಿಯ ಮನೆಗೆ ಹೋಗಬಾರದೆಂಬ ನಿಯಮವೇನೂ ಇರಲಿಲ್ಲ. ಯಾರೂ ಹೋಗುತ್ತಿರಲಿಲ್ಲ, ಅಷ್ಟೇ. ಕಸ್ತೂರಿಯ ತಾಯಿ ನೀಲವ್ವ ಪಡಸಾಲೆಯಲ್ಲಿ ಸೇವಂತಿಗೆ ಮಾಲೆ ಕಟ್ಟುತ್ತ ಕೂತಿದ್ದಳು. ದಾರ ಹಲ್ಲಿನಲ್ಲಿತ್ತು, ಕೈ ನಿಲ್ಲಲಿಲ್ಲ. ನೆರಳಿನ ಕೋಣೆಯವಳು ಎಂದು ಸುವರ್ಣಾ ಹೇಳಿಕೊಂಡ ಮೇಲೆ ಕಸ್ತೂರಿ ಒಳಗಿನಿಂದ ಚಹಾ ತಂದಳು. ನೀಳವಾದ ಹುಡುಗಿ, ಕೂದಲನ್ನು ಎತ್ತಿ ಕಟ್ಟಿದ್ದಳು, ಉಗುರಿನ ಸಂದಿಯಲ್ಲಿ ಬ್ಯಾಟರಿಯ ಕಪ್ಪು.

"ಈ ತಿಂಗಳು ಯಾವ ಪಲ್ಯಾ ತಿಂದ್ಯವಾ?" ಎಂದು ಸುವರ್ಣಾ ನೇರ ಕೇಳಿದಳು.

ಕಸ್ತೂರಿಗೆ ನಗು ಬಂತು. "ಪಲ್ಯಾ? ಎದಿ ಕೊಯ್ಯಿಸ್ಕೊಂಡು ಒಂಬತ್ತು ವರ್ಷಾತ್ರಿ ಅಕ್ಕಾರ. ಅವತ್ತಿಂದ ಒಂದು ಎಳಿ ಕೊತಂಬರಿ ಸುದ್ದಾ ಬಾಯಾಗ ಇಟ್ಟಿಲ್ಲ. ಡಾಕ್ಟರ್ ಬ್ಯಾಡ ಅಂದಾರ. ಅವ್ವ ಸಾರಿನಾಗಿಂದೂ ಆರಿಸಿ ತಗೀತಾಳ."

"ಮತ್ತ ನಿನ್ನ ರಕ್ತ ಯಾಕ ಹಂಗ ಗಟ್ಟಿ ಆಗಾಕತ್ತೈತಿ?"

ನೀಲವ್ವನ ಕೈ ನಿಂತಿತು. ಕಸ್ತೂರಿ ನೆಲ ನೋಡಿದಳು. ಆ ಮನೆಯಲ್ಲಿ ಅಷ್ಟು ಹೊತ್ತು ಕೇಳದಿದ್ದ ಲೋಹದ ಕವಾಟದ ಟಿಕ್ ಟಿಕ್ ಈಗ ಸುವರ್ಣಾಳ ಕಿವಿಗೆ ಬಿತ್ತು. ಒಂಬತ್ತು ವರ್ಷದಲ್ಲಿ ಅವಳು ಅಂಥ ಕವಾಟಗಳ ಇನ್ನೂರು ಚಿತ್ರ ನೋಡಿರಬಹುದು. ಅದು ಹೊರಗೆ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಗುಳಿಗಿ ತಗೋತೀನ್ರಿ," ಎಂದಳು ಕಸ್ತೂರಿ. "ಬಸರಾಗದಂಗ ಹೆಂಗಸರು ತಗೋತಾರಲ್ಲ, ಅವು. ಅದರಾಗೂ ಹೆಣ್ಣಿನ ಹಾರ್ಮೋನು ಇರತೈತಲ್ರಿ. ಹೋದ ಸಲ ನಿಮ್ಮ ಮಂಡಳಿ ಇಲ್ಲ ಅಂತಲ್ಲ, ಅವತ್ತಿಂದ."

"ಯಾರ್ ಕೊಡತಾರ ನಿನಗ ಅವನ್ನ?"

"ನಾ ತರತೀನಿ," ಎಂದಳು ನೀಲವ್ವ.

ಸುವರ್ಣಾಗೆ ನಂಬಲಾಗಲಿಲ್ಲ. ಮಗಳಿಗೆ ಔಷಧ ಕೊಡಬಾರದೆಂದು ಮಂಡಳಿಗೆ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟವಳೇ ಈ ನೀಲವ್ವ. ಆ ಕಾಗದವನ್ನು ಕಡತದಲ್ಲಿ ಸೇರಿಸಿದ್ದು ಸುವರ್ಣಾಳೇ.

"ಹೌದ್ರೀ, ನಾನ ಕೊಟ್ಟೆ ಆ ಅರ್ಜಿ," ನೀಲವ್ವನ ದನಿ ಏರಿತು. "ಸತ್ತುಗಿತ್ತಾಳು ಅಂತ ಹೆದರಿಕಿ. ನೀವೂ ಇಲ್ಲ ಅಂದ್ರಿ, ನನಗ ಜೀವ ಬಂದಂಗಾತು. ಮನಿಗೆ ಬಂದ ಮ್ಯಾಲೆ ಈಕಿ ಹನ್ನೊಂದು ದಿನ ಬಾಗಲಾ ತಗೀಲಿಲ್ಲ. ಎದಿ ಗುಳಿಗಿ ಸುದ್ದಾ ನುಂಗಲಿಲ್ಲ. ನಾ ಬಾಗಲದಾಗ ಕುಂತು ಕಿವಿ ಹಚ್ಚಿ ಆ ಟಿಕ್ ಟಿಕ್ ಕೇಳಕೋತ ಇದ್ದೆ, ಐತೋ ನಿಂತೈತೋ ಅಂತ. ಹನ್ನೆರಡನೇ ದಿನ ನಾನ ಹೋಗಿ ತಂದೆ. ಐವತ್ತೆರಡು ವರ್ಷದ ಮುದುಕಿ, ಗಂಡ ಸತ್ತು ಎಂಟು ವರ್ಷಾತು, ಅಂಗಡ್ಯಾಗ ನಿಂತು ಬಸರಾಗದ ಗುಳಿಗಿ ಕೊಡ್ರಿ ಅಂದೆ. ಅಂವಾ ನಕ್ಕ. ನಗ್ಲಿ ಬಿಡ್ರಿ."

ಎಷ್ಟು ಗುಳಿಗೆ, ದಿನಕ್ಕೆ ಎಷ್ಟು ಸಲ ಎಂದು ಸುವರ್ಣಾ ಕೇಳಿದಳು. ಕಸ್ತೂರಿ ಹೇಳಿದ್ದನ್ನು ಕೇಳಿ ಅವಳು ಚಹಾದ ಲೋಟ ಕೆಳಗಿಟ್ಟಳು.

"ಇದನ್ನ ನಾ ಮಂಡಳಿಗೆ ಹೇಳಬೇಕಾಗತೈತಿ," ಎಂದಳು.

"ಬ್ಯಾಡ್ರಿ ಅಕ್ಕಾರ!" ನೀಲವ್ವ ಅವಳ ಮೊಣಕಾಲು ಹಿಡಿದಳು. "ಕಳ್ಳತನದಿಂದ ತಗೊಂಡಾಳ ಅಂತ ಪೂರಾ ಬಾಗಲಾ ಹಾಕಿಬಿಡ್ತಾರ."

"ಹಾಕಬಹುದು. ಅದಕ್ಕ ನಾ ಕಸ್ತೂರೀನ ಕೇಳತೀನಿ. ಬ್ಯಾಡ ಅಂದ್ರ ಹೇಳಂಗಿಲ್ಲ. ಆದ್ರ ಹೇಳಲಿಲ್ಲ ಅಂದ್ರ ಮಂಗಳವಾರ ನೂರಕ್ಕ ನೂರು ಇಲ್ಲ ಅಂತನ ಬರತೈತಿ."

ತಾಯಿ ಕಸ್ತೂರಿಯ ಮುಖ ನೋಡುತ್ತಿದ್ದಳು, ಅವಳು ತಾಯಿಯ ಕಡೆ ನೋಡಲಿಲ್ಲ.

"ಹೇಳ್ರಿ," ಎಂದಳು. "ಆದ್ರ ಗುಳಿಗಿ ಅವ್ವ ತಂದ್ಲು ಅನ್ನಬ್ಯಾಡ್ರಿ."

ಸೋಮವಾರ ಸುವರ್ಣಾ ಕಸ್ತೂರಿಯ ನೆರಳನ್ನು ಹಿಂದಕ್ಕೊಯ್ದು, ತಾನು ಒತ್ತಿದ್ದ ಪ್ರತಿ ಪಲ್ಯವನ್ನೂ ಅಳಿಸಿ, ಅಲ್ಲಿ ಅಂಗಡಿಯ ಗುಳಿಗೆಯನ್ನು ತುಂಬಿದಳು. ಅಂಕಿಗಳು ಒಂದೊಂದಾಗಿ ತಾವೇ ಸಾಲಿಗೆ ಬಂದು ನಿಂತವು. ಎಳೆಯಬೇಕಾಗಲೇ ಇಲ್ಲ. ಅದನ್ನು ಕಂಡು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ದೇಹ ವಾರವಾರವೂ ಕೂಗಿ ಹೇಳಿತ್ತು, ಇವಳು ವಾರವಾರವೂ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ್ದಳು. ಮಧ್ಯಾಹ್ನ ಮೂರು ಓಟ ಓಡಿಸಿದಳು. ಏನೂ ತೆಗೆದುಕೊಳ್ಳದ ನೆರಳು ನೂರಕ್ಕೆ ನಾಲ್ಕು ಸಲ ಬಿತ್ತು. ಆಸ್ಪತ್ರೆಯ ಹಾರ್ಮೋನಿನ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ, ರಕ್ತ ಪರೀಕ್ಷಿಸುತ್ತ ಓಡಿಸಿದ ನೆರಳು ಹನ್ನೆರಡು ಸಲ. ಮೊದಲಿಗಿಂತ ಒಂದು ಜಾಸ್ತಿಯೇ. ಅಂಗಡಿಯ ಗುಳಿಗೆ ನುಂಗುವ ನೆರಳು ಇಪ್ಪತ್ತೊಂಬತ್ತು ಸಲ. ಅವತ್ತು ಅವಳು ಡಬ್ಬಿ ಬಿಚ್ಚಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಮಂಡಳಿ ಕೂತಿತು. ಅಧ್ಯಕ್ಷರು ಡಾಕ್ಟರ್ ರುದ್ರಗೌಡ ಬೂದಿಹಾಳ, ಹೃದಯ ತಜ್ಞರು, ಅರವತ್ತು ದಾಟಿದವರು. ಉಳಿದವರು ಒಬ್ಬ ವಕೀಲ, ಒಬ್ಬ ಮನೋವೈದ್ಯೆ. ಇಬ್ಬರೂ ಗೌಡರ ಮುಖ ನೋಡಿ ಕೈ ಎತ್ತುವವರು. ಎದುರಿಗೆ ಕಸ್ತೂರಿ, ಪಕ್ಕದಲ್ಲಿ ನೀಲವ್ವ. ಸುವರ್ಣಾ ನಿಂತುಕೊಂಡೇ ತನ್ನ ತಪ್ಪು ಹೇಳಿದಳು. ಪಲ್ಯದ ಗುಂಡಿ, ಅಂಗಡಿಯ ಗುಳಿಗೆ, ಮೂರು ಓಟದ ಅಂಕಿಗಳು, ಒಂದನ್ನೂ ಬಿಡಲಿಲ್ಲ. ಬಿಟ್ಟಿದ್ದು ನೀಲವ್ವನ ಹೆಸರು ಮಾತ್ರ.

"ಹಾದಿ ಸರಳ ಐತಲ್ಲ," ಎಂದರು ಬೂದಿಹಾಳ. "ಆ ಗುಳಿಗಿ ಬಿಡ್ಲಿ. ಇಪ್ಪತ್ತೊಂಬತ್ತು ಹೋಗಿ ನಾಲ್ಕಕ್ಕ ಬರತೈತಿ. ನಾವ್ಯಾಕ ಹನ್ನೆರಡಕ್ಕ ಸಹಿ ಮಾಡಬೇಕು?"

"ಆ ನಾಲ್ಕು ಬರೇ ಯಂತ್ರದಾಗ ಐತ್ರಿ ಸರ್. ಆ ಹಾದ್ಯಾಗ ಯಾರೂ ನಡ್ಯಾಕತ್ತಿಲ್ಲ," ಎಂದಳು ಸುವರ್ಣಾ.

"ನೋಡವಾ," ಗೌಡರು ಕಸ್ತೂರಿಯ ಕಡೆ ತಿರುಗಿದರು, "ನಾವು ಇಲ್ಲ ಅಂದ್ರ ಆ ಗುಳಿಗಿ ಬಿಡ್ತಿ? ಖರೇ ಹೇಳು."

"ಬಿಡತೀನಿ ಅಂತ ಹೇಳಬಹುದ್ರಿ ಸಾಹೇಬ್ರ. ಹೋದ ಸಲನೂ ಹೂಂ ಅಂತ ತಲಿ ಅಲ್ಲಾಡಿಸಿ ಹೋಗಿದ್ದೆ."

ಗೌಡರು ಕನ್ನಡಕ ತೆಗೆದಿಟ್ಟರು. ಸಿಟ್ಟು ಬಂದಿರಬೇಕೆಂದು ಸುವರ್ಣಾ ಅಂದುಕೊಂಡಳು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಈ ಯಂತ್ರ ಬರೂಕಿಂತ ಮೊದಲಿನ ಮಾತು. ನಿನ್ನಷ್ಟ ವಯಸ್ಸಿನಾಕಿ ಒಬ್ಬಾಕಿ ಬಂದಿದ್ಲು, ರೇಣುಕಾ ಅಂತ. ನಿನ್ನಂಗ ಎದಿ ಬ್ಯಾನಿ. ಕೈ ಮುಗದು ಕೇಳಿದ್ಲು, ನಾನ ಬರದುಕೊಟ್ಟೆ. ಹತ್ತೊಂಬತ್ತನೇ ದಿನ ತಲಿಯಾಗ ರಕ್ತ ಹೆಪ್ಪುಗಟ್ಟಿ ಹೋದ್ಲು. ಅವರವ್ವ ನನ್ನ ಕಾಲರ್ ಹಿಡದು ಕೇಳಿದ್ಲು, ನಿನಗ ಗೊತ್ತಿರಲಿಲ್ಲೇನು ಅಂತ. ಗೊತ್ತಿತ್ತು. ಗೊತ್ತಿದ್ದು ಕೊಟ್ಟಿದ್ದೆ. ಅವತ್ತ ಆಣಿ ಮಾಡಿದೆ, ಇನ್ನ ನನ್ನ ಕೈಯಿಂದ ಇದು ಆಗಂಗಿಲ್ಲ ಅಂತ."

ಸುವರ್ಣಾಗೆ ಈ ವಿಷಯ ಗೊತ್ತಿರಲಿಲ್ಲ. ಇಷ್ಟು ವರ್ಷ ಗೌಡರದು ಬರೀ ಮೊಂಡುತನ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

"ಆಕಿ ಸತ್ತದ್ದು ನಿಮ್ಮ ಕಣ್ಮುಂದ್ರಿ," ಎಂದಳು ಕಸ್ತೂರಿ ಮೆಲ್ಲಗೆ. "ಅದಕ್ಕ ನಿಮಗ ಇಷ್ಟು ಸಂಕಟ. ನಾ ಮನ್ಯಾಗ ಸತ್ತಿದ್ರ ನಿಮಗ ಗೊತ್ತೂ ಆಗ್ತಿರಲಿಲ್ಲ."

"ಹನ್ನೆರಡು ಅಂದ್ರ ಏನಂತ ತಿಳೀತೇನು ನಿನಗ? ನೂರರಾಗ ಹನ್ನೆರಡು ಸಲ ನೀ ಸಾಯ್ತಿ, ಇಲ್ಲಾ ಒಂದು ಕಡಿ ಕೈಕಾಲು ಬೀಳ್ತಾವ."

"ತಿಳದೈತ್ರಿ. ನನಗೂ ಹೆದರಿಕಿ ಐತ್ರಿ. ಇಪ್ಪತ್ತೊಂಬತ್ತಕ್ಕೂ ಇತ್ತು."

"ಆ ಗುಳಿಗಿ ನಾ ತಂದಿದ್ರಿ!" ಎಂದು ನೀಲವ್ವ ಒಮ್ಮೆಲೇ ಕೂಗಿಬಿಟ್ಟಳು. ಕಸ್ತೂರಿ ಅವಳ ಸೆರಗು ಜಗ್ಗಿದರೂ ನಿಲ್ಲಲಿಲ್ಲ. "ಆಕಿದು ತಪ್ಪಿಲ್ಲ. ನಿಮ್ಮ ಮುಂದ ಬ್ಯಾಡ ಅಂತ ಹೆಬ್ಬೆಟ್ಟು ಒತ್ತಿದಾಕೀನೂ ನಾನ, ಅಂಗಡಿಗೆ ಹೋದಾಕೀನೂ ನಾನ. ಬರದುಕೋರಿ!"

ಯಾರೂ ಬರೆದುಕೊಳ್ಳಲಿಲ್ಲ. ಅಷ್ಟು ಹೊತ್ತು ನಿಯಮಾವಳಿ ತಿರುವುತ್ತಿದ್ದ ವಕೀಲರು ಗಂಟಲು ಸರಿಮಾಡಿಕೊಂಡು ಒಂದು ಸಾಲು ಓದಿದರು: ಔಷಧ ಪಡೆದ ಸ್ಥಿತಿಯನ್ನು, ಮಂಡಳಿ ನಿರಾಕರಿಸಿದರೆ ರೋಗಿ ಇರಬಹುದಾದ ಸ್ಥಿತಿಯೊಂದಿಗೆ ಹೋಲಿಸತಕ್ಕದ್ದು. ಆ ಸಾಲು ಮೊದಲಿನಿಂದಲೂ ಅಲ್ಲಿತ್ತು. ನಿರಾಕರಿಸಿದರೆ ರೋಗಿ ಕೈಕಟ್ಟಿ ಕೂತಿರುತ್ತಾಳೆಂದು ಇವರೇ ಅಂದುಕೊಂಡು, ಆ ಜಾಗದಲ್ಲಿ ಏನೂ ತೆಗೆದುಕೊಳ್ಳದ ನೆರಳನ್ನು ತಂದು ನಿಲ್ಲಿಸಿದ್ದರು. ಒಂಬತ್ತು ವರ್ಷದಿಂದ ರೋಗಿಗಳನ್ನು ಯಾರೂ ಕೇಳಿರಲಿಲ್ಲ. ಈಗ ಹನ್ನೆರಡನ್ನು ಇಡಬೇಕಾದದ್ದು ನಾಲ್ಕರ ಪಕ್ಕವಲ್ಲ, ಇಪ್ಪತ್ತೊಂಬತ್ತರ ಪಕ್ಕ.

ಬೂದಿಹಾಳ ನಿಯಮಾವಳಿಯನ್ನು ತಾವೇ ತೆಗೆದುಕೊಂಡು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದರು. ಚರ್ಮಕ್ಕೆ ಹಚ್ಚುವ ಪಟ್ಟಿ, ಎಲ್ಲಕ್ಕಿಂತ ಕಡಿಮೆ ಪ್ರಮಾಣ, ಮೊದಲ ಮೂರು ತಿಂಗಳು ವಾರಕ್ಕೆರಡು ಸಲ ರಕ್ತ ಪರೀಕ್ಷೆ, ನೋಡುವ ಡಾಕ್ಟರು ತಾವೇ ಎಂದು ಬರೆದರು. ಸಹಿ ಹಾಕಿ ಕಾಗದವನ್ನು ಕಸ್ತೂರಿಯ ಕೈಗೆ ಕೊಟ್ಟರು. "ಕಾಲು ನೋವು, ತಲಿ ನೋವು, ಉಸಿರು, ಏನ ಆದ್ರೂ ನನಗ ಫೋನ್ ಮಾಡಬೇಕು. ನಾಚಬ್ಯಾಡ, ಹೆದರಬ್ಯಾಡ," ಎಂದರು. ಕಸ್ತೂರಿ ಕಾಗದವನ್ನು ಎದೆಗೊತ್ತಿಕೊಂಡು ಅತ್ತಳು. ನೀಲವ್ವ ಅಳಲಿಲ್ಲ. ಹನ್ನೆರಡು, ಹನ್ನೆರಡು ಎಂದು ತನಗೆ ತಾನೇ ಅಂದುಕೊಳ್ಳುತ್ತ ಮಗಳ ಹಿಂದೆ ಹೊರಗೆ ಹೋದಳು.

ಸುವರ್ಣಾಗೂ ಸಮಾಧಾನವಾಗಲಿಲ್ಲ. ಗೆದ್ದ ಮೇಲೆ ಹಗುರಾಗಬೇಕಿತ್ತು. ಹನ್ನೆರಡರಲ್ಲಿ ಒಂದಾದರೆ ಗೌಡರ ಕಾಲರ್ ಹಿಡಿದವಳ ಹಾಗೆ ನೀಲವ್ವ ಬಂದು ತನ್ನ ಕೈ ಹಿಡಿಯುತ್ತಾಳೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ಮೂರನೆಯ ಮಹಡಿಗೆ ಬಂದು ಸುಮ್ಮನೆ ಕುರ್ಚಿ ಸರಿಸಿದಳು, ಮತ್ತೆ ಸರಿಸಿದಳು.

ಎರಡು ಗಂಟೆಗೆ ಬಾಗಿಲು ತೆರೆದುಕೊಂಡು ಬೂದಿಹಾಳ ಒಳಗೆ ಬಂದರು. ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು.

"ನಾ ಇಲ್ಲ ಅಂದವರು ಒಟ್ಟು ಎಷ್ಟು ಮಂದಿ, ಸುವರ್ಣಾ?"

"ನಲವತ್ತೊಂದ್ರಿ ಸರ್."

"ಅವರ ನೆರಳು ಅದಾವೇನು?"

ಇದ್ದವು. ಎರಡನೆಯ ಸಲವೂ ಇಲ್ಲವೆಂದಾದ ಮೇಲೆ ರೋಗಿಗಳು ರಕ್ತದ ಫಲಿತಾಂಶ ಕಳಿಸುವುದು ನಿಲ್ಲುತ್ತಿತ್ತು. ಆದರೂ ನೆರಳುಗಳನ್ನು ನಿಲ್ಲಿಸುತ್ತಿರಲಿಲ್ಲ. ಔಷಧವಿಲ್ಲದೆ ಎಷ್ಟು ಆರೋಗ್ಯವಾಗಿದ್ದಾರೆ ನೋಡಿ ಎಂದು ವಾರ್ಷಿಕ ವರದಿಯಲ್ಲಿ ತೋರಿಸಲು ಅವು ದಿನಕ್ಕೊಂದು ದಿನದಂತೆ ಓಡುತ್ತಲೇ ಇದ್ದವು. ಸುವರ್ಣಾ ಮೊದಲನೆಯದನ್ನು ತೆರೆದಳು. ಗದಗಿನ ಅನಸೂಯಾ, ಮೂವತ್ತೊಂದು ವರ್ಷ, ಒಂದೇ ಮೂತ್ರಪಿಂಡ. ನಾಡಿ ಎಪ್ಪತ್ತೆರಡು, ರಕ್ತದೊತ್ತಡ ಸರಿಯಾಗಿದೆ, ಯಾವ ತೊಂದರೆಯೂ ಇಲ್ಲ.

ಗೌಡರು ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಕಡತದಲ್ಲಿದ್ದ ನಂಬರಿಗೆ ತಾವೇ ಫೋನ್ ಹಚ್ಚಿದರು. ಸುವರ್ಣಾಗೂ ಕೇಳಲೆಂದು ದನಿ ಜೋರು ಮಾಡಿದರು.

"ಅನಸೂಯಾ ಅವರು ಅದಾರೇನ್ರೀ?"

"ಯಾರ್ರಿ ಮಾತಾಡೂದು?" ಗಂಡಸಿನ ದನಿ.

"ಹುಬ್ಬಳ್ಳಿ ದವಾಖಾನಿಯಿಂದ, ಡಾಕ್ಟರ್ ಬೂದಿಹಾಳ."

"ನಾ ಅವರ ತಮ್ಮರಿ. ಅಕ್ಕ ತೀರಿಕೊಂಡು ಹದಿನೇಳು ತಿಂಗಳಾತ್ರಿ. ಕಾಲು ಬಾತಿತ್ತು, ಎರಡು ದಿನ ಯಾರಿಗೂ ಹೇಳಲಿಲ್ಲ. ಆಮ್ಯಾಲೆ ಉಸಿರು ಹತ್ತಿತು. ತಲಿದಿಂಬಿನ ಕೆಳಗ ಗುಳಿಗಿ ಸಿಕ್ಕುವು, ಎದಕ್ಕ ತಗೋತಿದ್ಲೋ ನಮಗ ಗೊತ್ತಾಗಲಿಲ್ಲ. ಯಾಕ್ರೀ, ಏನರ ಕೆಲಸ ಇತ್ತೇನು?"

ಪರದೆಯ ಮೇಲೆ ಅನಸೂಯಾಳ ನೆರಳು ಮಧ್ಯಾಹ್ನದ ಊಟ ಜೀರ್ಣಿಸಿಕೊಳ್ಳುತ್ತಿತ್ತು. ಸುವರ್ಣಾ ಅದನ್ನು ನಿಲ್ಲಿಸಲು ಕೈ ಚಾಚಿದಳು, ಗೌಡರು ಬೇಡವೆಂದು ಅವಳ ಕೈ ಹಿಡಿದರು.

"ಇತ್ತಪಾ," ಎಂದರು ಫೋನಿಗೆ. "ಆಕೀನ್ನ ಒಂದು ಮಾತು ಕೇಳೂದಿತ್ತು. ನಾ ತಡಾ ಮಾಡಿದೆ."

ಫೋನಿಟ್ಟು ಅವರು ಕನ್ನಡಕ ಒರೆಸಿಕೊಂಡು, "ಎರಡನೇದವರ ನಂಬರ್ ಹೇಳ್ರಿ," ಎಂದರು.